ಜಗಳ ಹಚ್ಚುವ ಮುಳ್ಳು

ಅತ್ತೆ ಸೊಸೆ ಎಂದೂ ಜಗಳವಾಡದ ಮನೆ ನೋಡಬೇಕೇ? ಶಿಕಾರಿಪುರದ ಹತ್ತಿರ ಅಂಜನಾಪುರದ ಕಾಲುವೆ ದಾಟಿ ಪರಶುರಾಮನ ಮನೆಗೆ ಬನ್ನಿ. ನೋಡಿ ಕಣ್ಣು ತಂಪು ಮಾಡಿಕೊಳ್ಳಿ. ಆದರೆ ದಯವಿಟ್ಟು ಪರಶುರಾಮನಿಗೆ ಮಾತ್ರ 'ನೀನು ಪುಣ್ಯವಂತ ಬಿಡಪ್ಪಾ' ಎನ್ನಬೇಡಿ. ಹಾಗಂದವರಿಗೆ ಅವನು ಚಹಾ ಕೂಡ ಕೊಡಿಸುವುದಿಲ್ಲ.

ತಾಯಿ ಗುತ್ಯಮ್ಮ, ಹೆಂಡತಿ ನಾಗಶ್ರೀ. ಇಬ್ಬರದೂ ಒಂದೇ ಪಕ್ಷ. ವಿರೋಧ ಪಕ್ಷವೆಂದರೆ ಪರಶುರಾಮ ಒಬ್ಬನೇ (ಅದಕ್ಕೂ ಮಾನ್ಯತೆ ಇಲ್ಲ). ಈ ಇಬ್ಬರೂ ಸೇರಿ ಹಿತ್ತಲಲ್ಲಿ ಗೆಣಸು ಹಾಕಿದ್ದರು. ನವಿಲು ಮೆಣಸಿನ ಗಿಡ ಕುಕ್ಕಿದಾಗ ಬೈದು ಸುಮ್ಮನಾದರು. ಮಂಗ ಪರಂಗಿ ಹಣ್ಣು ಕಿತ್ತಾಗ ಕಲ್ಲು ಬೀಸಿ ಸುಮ್ಮನಾದರು. ಆದರೆ ಮುಳ್ಳುಹಂದಿ ಬಂದು ಗೆಣಸಿನ ಮಡಿ ಕೆದರಿದ ದಿನ ಇಬ್ಬರೂ ಏಕಕಂಠದಿಂದ ತೀರ್ಪು ಕೊಟ್ಟರು: ಗೆಣಸು ಕೀಳುವ ತನಕ ಪರಶುರಾಮನು ಹಿತ್ತಲಿನ ಗುಡಿಸಲಲ್ಲೇ ಮಲಗಿ, ರಾತ್ರಿಯಿಡೀ ತಗಡು ಬಡಿಯತಕ್ಕದ್ದು.

ಒಂಬತ್ತು ರಾತ್ರಿ ಬಡಿದ. ಸೊಳ್ಳೆಗಳು ಊರಿಗೆಲ್ಲ ಹೇಳಿಕಳಿಸಿದಂತೆ ಬಂದವು. ಒಳಗೆ ಫ್ಯಾನಿನ ಕೆಳಗೆ ಅತ್ತೆ ಸೊಸೆ ಜೋಡಿ ಗೊರಕೆ ಹೊಡೆಯುವುದು ಕೇಳಿಸಿದಾಗಲೆಲ್ಲ ಇವನಿಗೆ ಅಳುವೇ ಬರುತ್ತಿತ್ತು. ಹೇಗಾದರೂ ಮಾಡಿ ಮನೆಯೊಳಗೆ ಮಲಗಬೇಕು! ಅವನಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಮಡಿಯಲ್ಲಿ ಗೇಣುದ್ದದ ಮೂರು ಮುಳ್ಳು ಸಿಕ್ಕವು. ಕಪ್ಪು ಬಿಳುಪು ಪಟ್ಟೆ, ನೋಡಲು ಬಲು ಚಂದ. ಹಿಡಿದುಕೊಂಡು ಹೊಸ್ತಿಲ ತನಕ ಬಂದನಷ್ಟೇ.

"ಏ ಏ, ಒಳಗ ತರಬ್ಯಾಡ!" ಗುತ್ಯಮ್ಮ ಪೊರಕೆ ಅಡ್ಡ ಹಿಡಿದಳು. "ಮುಳ್ಳುಹಂದಿ ಮುಳ್ಳು ಹೊಕ್ಕ ಮನ್ಯಾಗ ಹೆಂಗಸ್ರು ಜಗಳ ಆಡಿ ಆಡಿ ಮನಿ ಒಡಿತೈತಿ. ಬೇಲಿ ಆಚಿ ಒಗಿ!"

ಪರಶುರಾಮ ಬೇಲಿಯ ತನಕ ಹೋದ. ಒಗೆಯಲಿಲ್ಲ. ಅಲ್ಲೇ, ಸೊಳ್ಳೆ ಕಡಿದ ಕಿವಿ ತುರಿಸಿಕೊಳ್ಳುತ್ತಿರುವಾಗ, ಅವನಿಗೆ ಜ್ಞಾನೋದಯವಾಯಿತು. ಇಬ್ಬರೂ ಜಗಳವಾಡಿದರೆ ಪಕ್ಷ ಒಡೆಯುತ್ತದೆ. ಒಡೆದರೆ ಇಬ್ಬರಿಗೂ ಇವನ ಬೆಂಬಲ ಬೇಕು. ಬೆಂಬಲ ಬೇಕಾದವನನ್ನು ಯಾರಾದರೂ ಗುಡಿಸಲಲ್ಲಿ ಮಲಗಿಸುತ್ತಾರೆಯೇ? ಆಹಾ, ಎಂಥ ತಲೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಹೆಂಗಸರು ಬಟ್ಟೆ ಒಗೆಯಲು ಕಾಲುವೆಗೆ ಹೋದದ್ದೇ ತಡ, ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿಯ ಹಿಂದೆ ಒಂದು ಮುಳ್ಳು, ಅಕ್ಕಿ ಚೀಲದ ಕೆಳಗೆ ಒಂದು, ಕನ್ನಡಿಯ ಹಿಂದೆ ಒಂದು ಸಿಕ್ಕಿಸಿಬಿಟ್ಟ.

ಎರಡು ದಿನ ಕಾದ. ಜಗಳವೇ? ನಾಗಶ್ರೀ ಅತ್ತೆಯ ತಲೆಗೆ ಎಣ್ಣೆ ಹಚ್ಚಿ ತಿಕ್ಕಿದಳು. ಮೂರನೇ ದಿನ ಮಧ್ಯಾಹ್ನ ಅವಳು ಉಪ್ಪಿನಕಾಯಿ ಜಾಡಿ ಇಳಿಸಲು ಹೋಗಿ ಚಿಟ್ಟನೆ ಚೀರಿದಳು. ಜಗುಲಿಯಲ್ಲಿದ್ದ ಪರಶುರಾಮ, ಶುರುವಾಯಿತು ಎಂದು ಖುಷಿಯಿಂದ ಕಿವಿ ನಿಮಿರಿಸಿದ.

"ಅತ್ತೇ, ಎಂತದು ನೋಡ್ರೀ ಇದು! ಮುಳ್ಳುಹಂದಿ ಮನೆ ಒಳಗೇ ಬಂದು ಹೋಗಿದೆ ಮಾರಾಯ್ರೇ!" ನಾಗಶ್ರೀ ಸೊರಬದ ಕಡೆಯವಳು, ಗಾಬರಿಯಾದರೆ ಅತ್ತೆಯೂ ಮಾರಾಯರೇ.

"ಅಟ್ಟ ಹತ್ತೈತೇನ?" ಗುತ್ಯಮ್ಮ ಓಡಿಬಂದಳು. ಇಬ್ಬರೂ ಮನೆಯೆಲ್ಲ ಜಾಲಾಡಿದರು.

"ಅಕ್ಕಿ ಚೀಲದ ಕೆಳಗೂ ಹೊಕ್ಕಿದೆ! ಅಯ್ಯೋ, ಕನ್ನಡಿ ಹಿಂದೂ ಒಂದಿದೆ!"

"ಕನ್ನಡಿ ಹತ್ರ ಅದಕ್ಕೇನು ಕೆಲಸ?"

"ಮುಖ ನೋಡ್ಕಂಡಿರಬೇಕು."

"ಹೊರಗ ಕಾವಲುಗಾರ ಸತ್ತಂಗ ಮಲಗಿದ್ರ ಅದು ಪೌಡರ್ ಸೈತ ಹಚ್ಕಂತೈತಿ!" ಎಂದು ಗುತ್ಯಮ್ಮ ಜಗುಲಿಗೆ ಬಂದಳು. ಅಲ್ಲಿಯೇ ಪರಿಷ್ಕೃತ ತೀರ್ಪು ಹೊರಬಿತ್ತು. ಇನ್ನು ಮೇಲೆ ಸಂಜೆ ಐದಕ್ಕೇ ಕಾವಲು. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ನೀರು ಬೇಕಾದರೆ ಈಗಲೇ ಕುಡಿದು ಹೋಗತಕ್ಕದ್ದು.

ಪರಶುರಾಮನ ಎದೆ ಒಡೆಯಿತು. "ಅವ್ವಾ, ಯಾವ ಹಂದಿನೂ ಬಂದಿಲ್ಲ. ಮುಳ್ಳು ಇಟ್ಟಾಂವ ನಾನು" ಎಂದುಬಿಟ್ಟ.

"ಯಾಕಲೇ?"

"ನೀವಿಬ್ರೂ ಒಂಚೂರು ಜಗಳ ಆಡ್ಲಿ ಅಂತ. ಆಡಿದ್ರ ನನ್ನ ಒಳಗ ಕರಿತೀರಿ ಅಂತ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಬೈಯಲಿಲ್ಲ. ಅದಕ್ಕೇ ಇವನಿಗೆ ಹೆದರಿಕೆಯಾಯಿತು.

ಸಂಜೆ ಐದಕ್ಕೂ ಮೊದಲೇ ತಟ್ಟೆ ಮುಂದಿಟ್ಟುಕೊಂಡು ಕೂತ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮನೆಯೆಲ್ಲ ಘಮಘಮ.

"ನಾಗಶ್ರೀ, ನಿನ್ನ ಗಂಡಗ ಬಡಿಸು."

"ನಾನ್ಯಾಕೆ ಬಡಿಸ್ಲಿ? ನಿಮ್ಮ ಮಗ, ನೀವೇ ಬಡಿಸ್ರಿ."

"ಮದಿವಿ ಮಾಡಿ ನಿನಗ ಕೊಟ್ಟಾಗೈತಿ. ಈಗ ನಿಂದು."

"ವಾಪಸ್ ತಗಳ್ರಿ ಹಂಗಾದ್ರೆ! ನಾನೇನು ಬೇಡ ಅಂದ್ನಾ?"

"ನನಗ ಬ್ಯಾಡ! ನೀನೇ ಇಟ್ಕಾ!"

"ನಂಗೂ ಬೇಡ!"

"ಸಾಕು, ಜಗಳ ಸಾಕು!" ಪರಶುರಾಮ ಕೈಮುಗಿದ.

"ನೀನು ನಡುವ ಬರಬ್ಯಾಡ. ಇದು ಹೆಂಗಸ್ರ ಜಗಳ" ಎಂದಳು ಗುತ್ಯಮ್ಮ. ಹೀಗೆ ಅವನನ್ನು ಅತ್ತಿಂದಿತ್ತ ದಾನ ಮಾಡುತ್ತಲೇ ಇಬ್ಬರೂ ಒಬ್ಬರಿಗೊಬ್ಬರು ಬಡಿಸಿಕೊಂಡು, ಇನ್ನೊಂದು ಹಾಕ್ಕೊಳ್ಳಿ ಎಂದು ಒತ್ತಾಯ ಮಾಡಿಕೊಂಡು, ಪಾತ್ರೆ ಬಳಿದು ಉಂಡರು. ಆಮೇಲೆ ಚಿಲಕ ಬಿತ್ತು.

ಗುಡಿಸಲಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಎದುರಿಗೆ ಸೊಳ್ಳೆಗೆಂದು ಹಾಕಿದ ಬೆಂಕಿ, ಪಕ್ಕದಲ್ಲಿ ಗೆಣಸಿನ ಮಡಿ. ಒಂದೇ ಒಂದು ಎಂದು ಕಿತ್ತ. ಒಂದು ಬಳ್ಳಿ ಎಳೆದರೆ ನಾಲ್ಕು ಬಂದವು. ಬಂದದ್ದನ್ನು ಬೇಡವೆನ್ನಲು ಆಗುತ್ತದೆಯೇ? ಕೆಂಡದಲ್ಲಿ ಸುಟ್ಟು ತಿಂದ. ರುಚಿ ಹತ್ತಿತು. ಮತ್ತೊಂದು ಬಳ್ಳಿ ಎಳೆದ.

ಬೆಳಗಾಗುತ್ತಲೇ ಅತ್ತೆ ಸೊಸೆ ಮಡಿಯ ಮುಂದೆ ನಿಂತಿದ್ದರು.

"ರಾತ್ರಿ ಹಂದಿ ಬಂದಿತ್ತೇನಲೇ?"

"ಬಂದಿತ್ತವ್ವಾ" ಎಂದ ಪರಶುರಾಮ ತಲೆ ತಗ್ಗಿಸಿ. "ಭಾಳ ದೊಡ್ಡದಿತ್ತು."

ನಾಗಶ್ರೀ ಬೂದಿಯಿಂದ ಒಂದು ಕರಿ ಸಿಪ್ಪೆ ಎತ್ತಿ ತೋರಿಸಿದಳು. "ಅತ್ತೇ, ನಮ್ಮ ಸೊರಬದ ಕಡೆ ಹಂದಿ ಹಸೀ ಗೆಣಸೇ ತಿಂತಾವಪ್ಪ. ನಿಮ್ಮ ಶಿಕಾರಿಪುರದವು ಸುಟ್ಕಂಡು ತಿಂತಾವೇನ್ರಿ?"

ಗುತ್ಯಮ್ಮ ಸೆರಗಿನ ತುದಿಯಿಂದ ಮಗನ ಗಲ್ಲಕ್ಕೆ ಮೆತ್ತಿದ್ದ ಮಸಿ ಒರೆಸಿದಳು. ಎಷ್ಟು ಪ್ರೀತಿಯಿಂದ ಒರೆಸಿದಳೆಂದರೆ, ಇನ್ನೇನು ಒಳಗೆ ಕರೆದೇಬಿಟ್ಟಳು ಎಂದು ಪರಶುರಾಮನ ಕಣ್ಣಲ್ಲಿ ನೀರು ತುಂಬಿತು.

"ಹೌದವ್ವ, ಇಂಥದನ್ನ ಮನಿ ಒಳಗ ಬಿಟ್ಕಬಾರದು" ಎಂದಳು ಆ ತಾಯಿ. "ನಾಗಶ್ರೀ, ಇವನ ಹಾಸಿಗಿ, ದಿಂಬು, ಬಟ್ಟಿ ಎಲ್ಲ ತಂದು ಗುಡಿಸಲಾಗ ಹಾಕಿಬಿಡು."