ಗಾಜರ್ಡ್ ಮನೆತನವನ್ನು ನಾನು ವಿಚಾರಿಸಿದ್ದು

ಮನೆತನ ವಿಚಾರಿಸುವ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಈ ಸಿಯಾಟಲ್ ಸೀಮೆಯಲ್ಲಿ ಇಲ್ಲ. ಓದಿದ್ದು ಮೂರನೆಯ ಇಯತ್ತೆ. ಸಹಿ ಮಾಡುವಾಗ ಇವತ್ತಿಗೂ ನಾಲಿಗೆ ಹೊರಗೆ ಬರುತ್ತದೆ. ಆದರೆ ಒಬ್ಬರ ಅಡ್ಡಹೆಸರು ಕಿವಿಗೆ ಬಿದ್ದರೆ ಸಾಕು, ಅವರ ಅಜ್ಜ ಏನು ಮಾರಿದ, ಎಷ್ಟು ನೀರು ಬೆರೆಸಿದ ಎಂಬುದರವರೆಗೆ ಹೇಳಬಲ್ಲೆ.

ನಮ್ಮ ನರಗುಂದದ ಕಡೆ ಅಡ್ಡಹೆಸರು ಎಂದರೆ ಅಂಗಡಿಯ ಬೋರ್ಡು ಇದ್ದ ಹಾಗೆ. ಬೆಲ್ಲದ ಎಂದರೆ ಬೆಲ್ಲ ಮಾರಿದವರು. ಮೆಣಸಿನಕಾಯಿ ಎಂದರೆ ಮೆಣಸಿನಕಾಯಿ. ಉಪ್ಪಿನ ಎಂದರೆ ಉಪ್ಪು. ನಾವು ತುಪ್ಪದ. ಬಿಡಿಸಿ ಹೇಳುವ ಅಗತ್ಯವಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ತುಪ್ಪವೇ ಇರುತ್ತದೆ. ಅಡುಗೆಮನೆಯಲ್ಲಿ ನೋಡಿದರೂ ಅಷ್ಟೇ.

ಹೆಣ್ಣು ಕೊಡುವಾಗ ವಿಚಾರಿಸುವುದಕ್ಕೆ ಒಂದು ಕ್ರಮವಿದೆ. ಹುಡುಗನನ್ನು ಕೇಳಬಾರದು, ಅವನು ಸುಳ್ಳು ಹೇಳುತ್ತಾನೆ. ಅವನ ತಂದೆತಾಯಿಯನ್ನೂ ಕೇಳಬಾರದು, ಅವರು ಅವನಿಗಿಂತ ಚೆನ್ನಾಗಿ ಹೇಳುತ್ತಾರೆ. ಪಕ್ಕದ ಊರಲ್ಲಿ ಅದೇ ಅಡ್ಡಹೆಸರಿನ ಅಣ್ಣತಮ್ಮಂದಿರು ಇರುತ್ತಾರಲ್ಲ, ಅವರ ಕಟ್ಟೆಯ ಮೇಲೆ ಕೂತು, ಒಂದು ತಂಬಿಗೆ ನೀರು ಕುಡಿದು ಕೇಳಬೇಕು. ದಾಯಾದಿಗಳು ನಿಜ ಹೇಳುತ್ತಾರೆ. ಹೊಟ್ಟೆಕಿಚ್ಚಿಗಾದರೂ ಹೇಳುತ್ತಾರೆ.

ನಮ್ಮ ಯಜಮಾನರು, ಅಂದರೆ ಇವರು, ವಿಮಾನದ ಕಾರ್ಖಾನೆಗೆ ಇಂಜಿನಿಯರ್ ಆಗಿ ಬಂದಾಗ ಹಿಂದೆಯೇ ಬಂದವಳು ನಾನು. ನಲವತ್ತು ವರ್ಷ ದಾಟಿತು. ನಮಗೆ ಒಬ್ಬಳೇ ಮಗಳು, ಸವಿತಾ. ಕ್ಯಾನ್ಯನ್ ಪಾರ್ಕಿನ ಒಂದು ಆಫೀಸಿನಲ್ಲಿ ಗಾಜಿನ ನಳಿಗೆಯಲ್ಲಿ ಔಷಧಿ ಹಾಕಿ ನೋಡುವುದು ಅವಳ ಕೆಲಸ. ಮದುವೆಯ ಮಾತೆತ್ತಿದರೆ ನನ್ನನ್ನೂ ನಳಿಗೆಯಲ್ಲಿ ಹಾಕಿದವಳ ಹಾಗೆ ನೋಡುತ್ತಿದ್ದಳು. ಹಾಗಿದ್ದವಳು ಮೂವತ್ತಾರನೆಯ ವಯಸ್ಸಿಗೆ ಒಂದು ದಿನ ಪೀಟರ್ ಎಂಬುವನನ್ನು ಊಟಕ್ಕೆ ಕರೆತಂದಳು.

ಹುಡುಗ ಕೆಟ್ಟವನಲ್ಲ. ಮೂರು ಜೋಳದ ರೊಟ್ಟಿ ತಿಂದ, ಬೆವರಿದ, ನಾಲ್ಕನೆಯದು ಕೇಳಿದ. ಆಮೇಲೆ ನಾನು ಕೇಳಿದೆ.

"ನಿಮ್ಮ ಅಡ್ಡಹೆಸರು ಏನಪಾ?"

"ಗಾಜರ್ಡ್," ಎಂದ.

"ಹಂಗಂದ್ರ ಏನು? ಎಲ್ಲಿಂದ ಬಂತು?"

ಮಗಳು ಇಂಗ್ಲಿಷ್ ಮಾಡಿ ಹೇಳಿದಳು. ಅವನು ಭುಜ ಕುಣಿಸಿದ. "ಗೊತ್ತಿಲ್ಲ. ಅಜ್ಜನಿಂದ ಬಂತು. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡ, ಕೇಳುವುದು ಆಗಲಿಲ್ಲ."

ಅನ್ನ ತಿನ್ನುವ ಬಾಯಲ್ಲಿ ಹೇಳುವ ಮಾತೇ ಇದು? ಮನೆಗೆ ಬೆಕ್ಕು ಬಂದರೂ ಯಾರ ಮನೆಯದು ಎಂದು ಕೇಳುತ್ತೇವೆ. ಇವನು ನಲವತ್ತು ವರ್ಷ ಒಂದು ಹೆಸರು ಹೊತ್ತು ತಿರುಗಿದ್ದಾನೆ, ಒಳಗೆ ಏನಿದೆ ಎಂದು ಒಮ್ಮೆಯೂ ಬಿಚ್ಚಿ ನೋಡಿಲ್ಲ.

ಅವನು ಹೋದ ಮೇಲೆ ಸವಿತಾ ನನ್ನೆದುರು ಕೂತಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅವ್ವಾ, ಇಷ್ಟು ವರ್ಷ ಆದಮೇಲೆ ನನಗೆ ಒಬ್ಬ ಸಿಕ್ಕಿದ್ದಾನೆ. ನೀನು ಇದನ್ನ ಕೆಡಿಸಿದರೆ ನಾನು ಈ ಮನೆಗೆ ಮತ್ತೆ ಯಾರನ್ನೂ ಕರೆತರುವುದಿಲ್ಲ. ನಾನೂ ಬರುವುದಿಲ್ಲ."

"ನಾ ಯಾಕ ಕೆಡಸ್ಲಿ? ಬರೇ ವಿಚಾರಣಿ ಮಾಡ್ತೀನಿ."

"ಮಾಡಬೇಡ."

ಮಾಡಿದೆ.

ಮರುದಿನವೇ ಲೈಬ್ರರಿಗೆ ಹೋದೆ. ಅಲ್ಲಿ ನೀಲಿ ಕೂದಲಿನ ಒಬ್ಬಳು ಕೂತಿರುತ್ತಾಳೆ. ಕೂದಲು ಹೇಗಾದರೂ ಇರಲಿ, ಕೆಲಸದಲ್ಲಿ ಗಟ್ಟಿ. ಮಗಳ ಮದುವೆ, ಹುಡುಗನ ಹೆಸರು, ನನಗೆ ಮೂಲ ಬೇಕು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ದಪ್ಪದೊಂದು ಪುಸ್ತಕ ತೆಗೆದಳು, ಕಂಪ್ಯೂಟರನ್ನೂ ಕುಟ್ಟಿದಳು. ಹಳೆಯ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಬಾತುಕೋಳಿಗಳ ಹಿಂಡು ಕಾಯುತ್ತಿದ್ದವರಿಗೆ ಈ ಹೆಸರಂತೆ. ಕುರಿ ಕಾಯುವವರು ಇದ್ದ ಹಾಗೆ, ಬಾತು ಕಾಯುವವರು.

"ಈಗ ಎಷ್ಟು ಮಂದಿ ಇದ್ದಾರೆ?" ಎಂದೆ.

"ಬಹಳ ಕಡಿಮೆ. ಅಲ್ಲಿಯೇ ಒಂದೆರಡು ಜಿಲ್ಲೆಯಲ್ಲಿ ಕೆಲವು ಮನೆ. ನಮ್ಮ ದೇಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಪರೂಪದ ಹೆಸರು," ಎಂದು ಅವಳು ಸಂತೋಷದಿಂದ ಹೇಳಿದಳು.

ಅಪರೂಪವಂತೆ. ಒಂದು ಮನೆತನ ಕಡಿಮೆಯಾಗುತ್ತ ಬಂದಿದೆ ಎಂದರೆ ಕಾರಣ ಇರಲೇಬೇಕು. ಒಂದೋ ಅವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಇಲ್ಲವೇ ಗಂಡಸರು ಬೇಗ ಸಾಯುತ್ತಾರೆ. ಪೀಟರನ ಅಪ್ಪ ಆಗಲೇ ಸತ್ತಿದ್ದಾನೆ. ಲೆಕ್ಕ ಸರಿಹೋಯಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬಾತುಕೋಳಿ ಕಾದ್ರ ತಪ್ಪೇನೈತಿ?"

"ತುಪ್ಪ ಎಲ್ಲಿ, ಬಾತುಕೋಳಿ ಎಲ್ಲಿ? ನಿಮಗ ಮನೆತನದ ಅಭಿಮಾನ ಅನ್ನೂದು ಇಲ್ಲೇನ್ರಿ?"

"ಈ ವಯಸ್ಸಿಗೆ ಡಾಕ್ಟರು ಎರಡನ್ನೂ ತಿನಬ್ಯಾಡ ಅಂದಾರ," ಎಂದು ಪುಟ ತಿರುವಿದರು. ಇಂಥವರ ಜೊತೆ ಸಂಸಾರ ಮಾಡಿದ್ದೇನೆ.

ಆ ನೀಲಿ ಕೂದಲಿನವಳೇ ಹಳೆಯದೊಂದು ಟೆಲಿಫೋನ್ ಪುಸ್ತಕದಲ್ಲಿ ಹುಡುಕಿಕೊಟ್ಟಿದ್ದಳು. ನಮ್ಮ ಈ ಭಾಗದಲ್ಲಿ ಇನ್ನೊಂದೇ ಒಂದು ಗಾಜರ್ಡ್ ಮನೆ, ಎವರೆಟ್‌ನಲ್ಲಿ. ಪಕ್ಕದ ಊರು, ಅದೇ ಅಡ್ಡಹೆಸರು. ಕ್ರಮ ಎಂದರೆ ಇದು. ಡಬ್ಬಿಯಲ್ಲಿ ಶೇಂಗಾ ಉಂಡಿ ತುಂಬಿಕೊಂಡು, ಯಾರಿಗೂ ಹೇಳದೆ ಎರಡು ಬಸ್ಸು ಬದಲಿಸಿ ಹೋದೆ.

ಬಾಗಿಲು ತೆಗೆದವನು ಎಂಬತ್ತರ ಹತ್ತಿರದ ಮುದುಕ. ನೀರು ಕುಡಿಯಲು ಕಟ್ಟೆ ಇರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದೆ.

"ಗಾಜರ್ಡ್? ನಾನು ಗಾಜರ್ಡ್ ಸಂಬಂಧ. ಇಂಡಿಯಾ."

ಮುದುಕನ ಮುಖ ದೀಪ ಹಚ್ಚಿದಂತಾಯಿತು. ಕೈ ಹಿಡಿದು ಒಳಗೆ ಎಳೆದುಕೊಂಡೇ ಹೋದ. ಊಟದ ಕೋಣೆಯ ಗೋಡೆ ಪೂರ್ತಿ ಒಂದು ಕಾಗದ, ಅದರ ತುಂಬ ಗೆರೆ, ಹೆಸರು. ಜಗತ್ತಿನಲ್ಲಿ ಗಾಜರ್ಡ್ ಎಂಬ ಹೆಸರಿನವರು ಎಲ್ಲಿದ್ದರೂ ಕಾಗದ ಬರೆದು, ಯಾರ ಮಗ ಯಾರು ಎಂದು ಕೇಳಿ ಬರೆದುಕೊಳ್ಳುವುದೇ ಆ ಮುದುಕನ ಬಾಳು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಪೆನ್ಸಿಲ್ ಹಿಡಿದು, ಬ್ರಿಟಿಷರ ಕಾಲದಲ್ಲಿ ಯಾವ ಗಾಜರ್ಡ್ ಇಂಡಿಯಾಕ್ಕೆ ಹೋಗಿದ್ದ, ನೀನು ಅವನಿಗೆ ಏನಾಗಬೇಕು ಎಂದು ಕೇಳಿದ. ನನ್ನನ್ನೇ ಗೋಡೆಗೆ ಏರಿಸುವವನಿದ್ದ. ನಾನಲ್ಲ, ನನ್ನ ಮಗಳು, ಮದುವೆ, ಹುಡುಗ ಎಂದು ಬಿಡಿಸಿ ಹೇಳುವಷ್ಟರಲ್ಲಿ ನಾಲ್ಕು ಉಂಡಿ ಖರ್ಚಾದವು.

ಆದರೆ ಹೇಳಬೇಕು, ನನಗೆ ಆ ಮುದುಕನ ಮೇಲೆ ಮರ್ಯಾದೆ ಬಂತು. ಈ ದೇಶಕ್ಕೆ ಬಂದಮೇಲೆ ನನ್ನ ಜಾತಿಯ ಪ್ರಾಣಿಯನ್ನು ನಾನು ನೋಡಿದ್ದು ಅದೇ ಮೊದಲು.

"ರೋಗ?" ಎಂದೆ.

"ಇಲ್ಲ. ಎಲ್ಲರೂ ತೊಂಬತ್ತರ ತನಕ ಗುಂಡುಕಲ್ಲು."

"ಕುಡಿತ?"

"ಹದವಾಗಿ."

"ಹೆಂಡತಿ ಬಿಟ್ಟು ಹೋದವರು?"

"ಒಬ್ಬ. ಆಸ್ಟ್ರೇಲಿಯಾದಲ್ಲಿ." ಬೆರಳಿಟ್ಟು ತೋರಿಸಿಯೇಬಿಟ್ಟ.

ದಾಯಾದಿ ಎಂದರೆ ಹೀಗಿರಬೇಕು. ಕಡಿಮೆಯಾದದ್ದು ಯಾಕೆಂದರೆ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟಿದರಂತೆ, ಮದುವೆಯಾಗಿ ಬೇರೆ ಹೆಸರಿಗೆ ಹೋದರಂತೆ. ನನಗೆ ಸಮಾಧಾನವಾಯಿತು. ಪೀಟರ್ ಗೋಡೆಯಲ್ಲಿ ಎಲ್ಲಿದ್ದಾನೆ ಎಂದು ಕೇಳಿದೆ. ಮುದುಕ ಕನ್ನಡಕ ಹಾಕಿಕೊಂಡು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಇರಲಿಲ್ಲ.

"ನಾನು ಕಾಣದ ಕವಲೊಂದು ಇದೆ ಹಾಗಾದರೆ," ಎಂದ.

ಬುದ್ಧಿಯಿದ್ದವರಾದರೆ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದರು. ನಾನು ಮುದುಕನನ್ನು ಭಾನುವಾರ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದ ಒಪ್ಪಿಗೆ ಶಾಸ್ತ್ರಕ್ಕೆ, ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದಕ್ಕೆ, ಕರೆದೆ. ಹುಡುಗನಿಗೆ ಅಪ್ಪ ಇಲ್ಲ. ಗಂಡಿನ ಕಡೆಯಿಂದ ತೆಂಗಿನಕಾಯಿ ಇಸಿದುಕೊಳ್ಳಲು ಆ ಮನೆತನದ ಹಿರಿಯ ಒಬ್ಬ ಬೇಡವೆ?

ಭಾನುವಾರ ಪೀಟರ್ ತನ್ನ ತಾಯಿಯ ಜೊತೆ ಬಂದ. ಆಕೆ ಸೌಮ್ಯ ಹೆಂಗಸು, ಕೈಯಲ್ಲಿ ಹೂವಿನ ಕುಂಡ. ತಟ್ಟೆಯಲ್ಲಿ ಸಕ್ಕರೆ, ಕಾಯಿ, ಎಲೆ ಅಡಿಕೆ ಎಲ್ಲ ಇಟ್ಟಿದ್ದೆ. ಅಷ್ಟರಲ್ಲಿ ಮುದುಕ ಗಾಜರ್ಡ್ ಕೋಟು ಟೈ ಹಾಕಿಕೊಂಡು, ಕೊಳವೆಯ ಹಾಗೆ ಸುತ್ತಿದ ಕಾಗದ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ.

"ಇವರು ಯಾರು?" ಎಂದಳು ಸವಿತಾ.

"ನಿನ್ನ ಗಂಡನ ಮನಿ ಹಿರಿಯರು. ನಾ ಹುಡುಕೀನಿ."

ಮಗಳು ಕಣ್ಣು ಮುಚ್ಚಿ ತೆರೆದಳು. ಅಷ್ಟರಲ್ಲಿ ಮುದುಕ ಊಟದ ಟೇಬಲ್ ಮೇಲೆ ಕಾಗದ ಹರಡಿಯಾಗಿತ್ತು. ಇಂಗ್ಲೆಂಡಿನ ಕವಲು ಎಣ್ಣೆಗಾಯಿಯಲ್ಲಿ ಮುಳುಗಿತು. ಲೆಕ್ಕಿಸದೆ ಪೆನ್ಸಿಲ್ ಹಿಡಿದು ಪೀಟರನ ತಾಯಿಯನ್ನು ಕೇಳಿದ, "ನಿಮ್ಮ ಮಾವ ಹುಟ್ಟಿದ್ದು ಎಲ್ಲಿ?"

"ಅಯ್ಯೋ, ಇದು ಅವರ ಹೆಸರೇ ಅಲ್ಲವಲ್ಲ," ಎಂದಳು ಆಕೆ, ಮಳೆ ಬರುತ್ತಿದೆ ಎಂದು ಹೇಳುವಷ್ಟು ಸಲೀಸಾಗಿ. "ಮಾವ ಯಾವುದೋ ಚಳಿ ದೇಶದಿಂದ ಹಡಗಿನಲ್ಲಿ ಬಂದಿಳಿದವರು. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕೆ ಸೇರುವಾಗ ಅವರ ಉದ್ದ ಹೆಸರು ಬರೆಯಲು ಮೇಸ್ತ್ರಿಗೆ ಬರಲಿಲ್ಲ. ತನ್ನ ಹೆಸರನ್ನೇ ಬರೆದುಕೊಂಡ. ಅದೇ ಉಳಿಯಿತು."

ಪೀಟರ್, "ಹೌದಾ? ನನಗೆ ಗೊತ್ತೇ ಇರಲಿಲ್ಲ," ಎಂದು ನಕ್ಕ.

ಮುದುಕ ನಗಲಿಲ್ಲ. ಮಿಲ್ಲು ಯಾವುದು, ಊರು ಯಾವುದು ಎಂದು ಕೇಳಿ ಕಾಗದದ ಮೇಲೆ ಬಗ್ಗಿದ. "ಮೇಸ್ತ್ರಿ ನನ್ನ ಅಜ್ಜನ ತಮ್ಮ. ಮದುವೆಯಾಗದೆ ಸತ್ತ," ಎಂದ. ಆ ತಮ್ಮನ ಕೆಳಗೆ, ಪೀಟರನ ಅಜ್ಜನಿಗೆಂದು, ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಎಳೆಯತೊಡಗಿದ.

ಮುದುಕನ ಸಮಾಧಾನ ಮುದುಕನಿಗೆ. ನನ್ನ ಗತಿ? ಎರಡು ಬಸ್ಸು ಬದಲಿಸಿ, ಒಂದು ಡಬ್ಬಿ ಉಂಡಿ ತಿನ್ನಿಸಿ, ರೋಗ ಕುಡಿತ ಎಲ್ಲ ಕೇಳಿ ಪಾಸು ಮಾಡಿದ ಮನೆತನಕ್ಕೂ ಈ ಹುಡುಗನಿಗೂ ಸಂಬಂಧವೇ ಇಲ್ಲ. ಕಷ್ಟಪಟ್ಟು ಬಾತುಕೋಳಿಗೆ ಮನಸ್ಸು ಒಗ್ಗಿಸಿಕೊಂಡಿದ್ದೆ. ಇವರು ಬಾತುಕೋಳಿ ಕಾಯುವವರೂ ಅಲ್ಲ!

"ಕಂಡವರ ಹೆಸರು ಹಾಕ್ಕೊಂಡ ಮಂದಿ," ಎಂದೆ. "ಇವರ ಖರೇ ಮನೆತನ ಯಾವುದೋ, ಯಾರನ್ನ ಕೇಳೋಣು? ವಿಚಾರಣಿ ಆಗೂತನಾ ಶಾಸ್ತ್ರ ಇಲ್ಲ." ಸಕ್ಕರೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಇಟ್ಟೆ.

ಸವಿತಾ ಪೀಟರನಿಗೆ ಏನು ಹೇಳಿದಳೋ, ಅವನು ನನ್ನ ಹಿಂದೆಯೇ ಬಂದ. "ಅದಕ್ಕೇನು, ಹೇಗಿದ್ದರೂ ಮದುವೆಯಾದ ಮೇಲೆ ಆ ಹೆಸರು ಬಿಡುತ್ತೇನೆ. ನಿಮಗೆ ಒಬ್ಬಳೇ ಮಗಳಲ್ಲವೆ? ತುಪ್ಪದ ಎಂದು ನಾನೇ ಇಟ್ಟುಕೊಳ್ಳುತ್ತೇನೆ. ನಾವಿಬ್ಬರೂ ಆಗಲೇ ಮಾತಾಡಿಕೊಂಡಿದ್ದೇವೆ."

ಹೊರಗೆ ಮುದುಕ ಚುಕ್ಕೆ ಹಾಕುವುದನ್ನು ನಿಲ್ಲಿಸಿ ಪೆನ್ಸಿಲ್ ಕೆಳಗಿಟ್ಟ ಸಪ್ಪಳ ಕೇಳಿಸಿತು.

"ನೋಡ್ರೆಪಾ," ಎಂದೆ ನಾನು ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ. "ಅಜ್ಜ ಒಬ್ಬರದು ಎತ್ತಿಕೊಂಡ. ಮೊಮ್ಮಗ ಈಗ ನಮ್ಮದನ್ನ ಎತ್ತಿಕೊಳ್ಳಾಕ ಬಂದಾನ. ತುಪ್ಪದ ಅನ್ನೂದು ದಾರಿಯೊಳಗ ಬಿದ್ದ ಟೊಪ್ಪಿಗಿ ಏನು?"

ಸವಿತಾ ಕಾರಿನ ಕೀಲಿ ತೆಗೆದುಕೊಂಡಳು. ಬೈಯಲಿಲ್ಲ, ಅಳಲಿಲ್ಲ. "ಪೀಟರ್, ನಡೆ," ಎಂದಳು ಅಷ್ಟೇ. ಅವನ ತಾಯಿ ಹೂವಿನ ಕುಂಡ ಮತ್ತೆ ಎತ್ತಿಕೊಳ್ಳುವುದೋ ಬಿಡುವುದೋ ತಿಳಿಯದೆ ನಿಂತಿದ್ದಳು. ಮಗಳು ಹೇಳಿದ್ದನ್ನು ಮಾಡುವವಳು. ಆದರೆ ಆಡಿದ ಮಾತು ಹಿಂದೆ ತೆಗೆದುಕೊಂಡು ನನಗೆ ರೂಢಿ ಇಲ್ಲ.

ಆಗ ಇವರು ಪೇಪರ್ ಮಡಚಿದರು.

"ಸವಿತಾ, ಕೂಡು. ಎಲ್ಲಾರೂ ಕೂಡ್ರಿ," ಎಂದು ನನ್ನ ಕಡೆ ತಿರುಗಿದರು. "ತುಪ್ಪದ ನಮ್ಮ ಹೆಸರಲ್ಲ."

"ಏನಂದ್ರಿ?"

"ನಮ್ಮಪ್ಪ ಎಮ್ಮಿ ಕಾಯಾಂವ. ಅಡ್ಡಹೆಸರು ಅನ್ನೂದು ಇರಲೇ ಇಲ್ಲ. ಸಾಲಿಗೆ ಹಚ್ಚುವಾಗ ಮಾಸ್ತರರು ಕೇಳಿದ್ರು, ಅಪ್ಪ ಸುಮ್ಮನ ನಿಂತ. ಮಾಸ್ತರರು ತಮ್ಮದನ್ನ ಬರದ್ರು. ಅವರು ತುಪ್ಪದ. ಅಪ್ಪ ಹೋದ ಮ್ಯಾಲೆ ಅವರ ಮನಿಯೊಳಗ ಉಂಡು ಬೆಳದೆ."

"ನಮ್ಮಪ್ಪಾರು ವಿಚಾರಣಿ ಮಾಡಿದ್ರಲ್ಲ! ಮೂರು ಸಲ ಬಂದಿದ್ರು."

"ಬಂದಿದ್ರು. ತುಪ್ಪದ ಅಂತ ಹೇಳಿ ಮಾಸ್ತರರ ಅಣ್ಣತಮ್ಮರ ಕಟ್ಟಿ ಮ್ಯಾಲೆ ಕುಂತು ಕೇಳಿದ್ರು. ಬಂಗಾರದಂಥಾ ಮನೆತನ ಅಂದ್ರು. ಅವರದು ಬಂಗಾರದಂಥಾದ್ದ ಐತಿ."

ಇಷ್ಟನ್ನೂ ಇವರು ಆಮೇಲೆ ಇಂಗ್ಲಿಷಿನಲ್ಲಿ ಸಾವಕಾಶ ಹೇಳಿದರು. ಮುದುಕ ಗಾಜರ್ಡ್ ತಲೆಯಾಡಿಸುತ್ತ ಕೇಳಿದ. ಸವಿತಾ ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲು ಎಂಬುದು ಕುರುಡಿಗೂ ಕಾಣುತ್ತಿತ್ತು.

"ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಕುಂತ್ರಿ," ಎಂದೆ. "ಒಂದು ಮಾತು ಹೇಳಬಾರದಿತ್ತೇನು?"

"ನೀ ನನ್ನ ಕೇಳಲಿಲ್ಲ. ಹುಡುಗನ್ನ ಕೇಳಬಾರದು ಅಂತಿರ್ತೀ."

ಅಡುಗೆಮನೆಗೆ ಹೋಗಿ ಸಕ್ಕರೆ ತಟ್ಟೆ ತಂದೆ. ಯಾರ ಮುಖವನ್ನೂ ನೋಡದೆ ಹಂಚಿದೆ. ಪೀಟರನಿಗೆ ಎರಡು ಚಮಚೆ ಹೆಚ್ಚು ಬಿತ್ತು. ಹೇಗೂ ಬಂದಿದ್ದೇನೆ ಎಂದು ಮುದುಕ ಗಂಡಿನ ಕಡೆಯ ಹಿರಿಯನಾಗಿ ಕೂತು ಕಾಯಿ ಇಸಿದುಕೊಂಡ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೂಸಿನ ಹಾಗೆ ಎದೆಗೆ ಒತ್ತಿ ಹಿಡಿದು ಎವರೆಟ್‌ಗೆ ಹೋದ.

ಮದುವೆಗೆ ಇನ್ನೊಂದು ತಿಂಗಳಿದೆ. ಮುದುಕ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಗೋಡೆ ತುಂಬಿತಂತೆ, ಇನ್ನೊಂದು ಗೋಡೆ ಖಾಲಿ ಇದೆಯಂತೆ, ತುಪ್ಪದ ಎಂಬ ಹೆಸರನ್ನು ಹಿಡಿಯಬೇಕೆಂದಿದ್ದಾನೆ. ಹೋದ ವಾರ ನನ್ನನ್ನೇ ಫೋನಿಗೆ ಕರೆದು, ಈ ಭಾಗದಲ್ಲಿ ತುಪ್ಪದ ಅಡ್ಡಹೆಸರಿನವರು ಎಷ್ಟು ಮಂದಿ ಇದ್ದೀರಿ, ಸರಿಯಾಗಿ ವಿಚಾರಿಸಿ ಹೇಳು ಎಂದ.

"ಮೂರು," ಎಂದೆ. "ಮೂರೂ ಸುಳ್ಳು. ಬರುವ ತಿಂಗಳಿಂದ ನಾಲ್ಕು."