ತಾವರೆ ಬಾಲ್ಕನಿಯ ಮಹಾಸಮರ

ಎಲೈ ಕೇಳುಗರೇ, ಸಿಮೆಂಟು ಸಮೃದ್ಧವಾಗಿ ಸುರಿದು ಸೈಟುಗಳೆಲ್ಲ ಸೌಧಗಳಾದ ಸುವರ್ಣಯುಗದಲ್ಲಿ, ತುಮಕೂರಿನ ಹೊಸ ಬಡಾವಣೆಯೊಂದರಲ್ಲಿ, ಟ್ರ್ಯಾಕ್ಟರ್‌ಬಿಡಿಭಾಗವಿಕ್ರಯವಿಚಕ್ಷಣನೂ ಗೃಹನಿರ್ಮಾಣಸಂಗ್ರಾಮವಿಜಯಿಯೂ ಆದ ಷಡಕ್ಷರಯ್ಯನೆಂಬ ವೀರನಿದ್ದನು. ಅವನ ಮನೆಯ ಮುಂಭಾಗದಲ್ಲಿ, ದಾರಿಹೋಕರ ಕಣ್ಣನ್ನು ಕಟ್ಟಿ ಎಳೆಯಲೆಂದೇ, ಬಿಳಿಯಂಚಿನ ತಿಳಿಹಸಿರು ದಳಗಳು ಒಂದರ ಮೇಲೊಂದು ಮಡಚಿಕೊಂಡ ತಾವರೆಯಾಕಾರದ ಬಾಲ್ಕನಿಯೊಂದು ವಿರಾಜಿಸುತ್ತಿತ್ತು. ಊರು ಮೆಚ್ಚಿದರೆ ಸಾಲದು, ಹೆಂಡತಿಯ ಅಣ್ಣ, ಕಂಟ್ರಾಕ್ಟರ್ ಮರುಳಸಿದ್ದಪ್ಪ ಮೆಚ್ಚಬೇಕು! ಮದುವೆಯಾದಂದಿನಿಂದ ಆ ಭಾವನ ಬಾಯಿಂದ ಒಂದೇ ಒಂದು ಹೊಗಳಿಕೆ ಉದುರಿರಲಿಲ್ಲ. ಆ ಒಂದು ಮಾತಿಗಾಗಿ ವೀರನ ಜೀವ ಬಾಯಿಬಿಡುತ್ತಿತ್ತು.

ಆದರೆ ಹಾ ವಿಧಿಯೇ! ಗೃಹಪ್ರವೇಶದ ಮುಂಜಾನೆ ಮಡದಿ ಸರ್ವಮಂಗಳೆ, ಕರಾಳದಂಷ್ಟ್ರನೂ ರಕ್ತಜಿಹ್ವನೂ ಗಿರಿಜಾಮೀಸೆಧಾರಿಯೂ ಆದ ದೃಷ್ಟಿಬೊಂಬೆಯೊಂದನ್ನು ಬಾಲ್ಕನಿಯ ಪಕ್ಕದ ಕಂಬಕ್ಕೆ ಬಿಗಿಸಿದಳು. ಬಂದವರೆಲ್ಲ ಬೊಂಬೆಯನ್ನೇ ನೋಡಿದರು. ಹಾಲಿನವನಂತೂ ಅದಕ್ಕೊಂದು ನಮಸ್ಕಾರವನ್ನೂ ಹಾಕಿದನು.

ವೀರನು ಗರ್ಜಿಸಿದನು: “ಎಲ್ಲಾರ ಕಣ್ಣೂ ಈ ಮೂತಿ ಮೇಲಿದ್ರೆ ನನ್ನ ತಾವರೆ ಯಾರೇ ನೋಡ್ತಾರೆ?”

“ಕಣ್ಣು ಎಳೀಲಿ ಅಂತಾನೇ ಕಣ್ರೀ ಕಟ್ಟಿರೋದು. ಇಳಿಸಿದ್ರೆ ನೋಡಿ ಮತ್ತೆ!”

“ಯಾರ ಕಣ್ಣಾದ್ರೂ ಬೀಳ್ಲಿ! ತಡ್ಕೊಳೋ ಎದೆ ಇದೆ ಕಣೇ ಈ ಷಡಕ್ಷರಿಗೆ!”

ಹೀಗೆಂದು ಮೊಳಗಿ, ರೇಷ್ಮೆಪಂಚೆಯನ್ನು ಎತ್ತಿಕಟ್ಟಿ, ಗಡಗಡ ನಡುಗುವ ಏಣಿಯೆಂಬ ಐರಾವತವನ್ನೇರಿ, ಖಡ್ಗವಿಲ್ಲದ್ದರಿಂದ ಅಡುಗೆಯವರ ಚಾಕುವನ್ನೇ ಝಳಪಿಸಿ, ಬೊಂಬೆಯ ಕೊರಳ ಹಗ್ಗವನ್ನು ಕತ್ತರಿಸಿದನು. ಸಾಯುವ ಮುನ್ನ ರಾಕ್ಷಸನು ಮೀಸೆಯಿಂದ ಅವನ ಮೂಗನ್ನು ಪ್ರಹರಿಸಿದನು. ವೀರನು ಸೀನಿದನು, ಏಣಿ ಕಂಪಿಸಿತು, ದಿಕ್ಕುದಿಕ್ಕುಗಳಲ್ಲಿ ನಾಯಿಗಳು ಬೊಗಳಿದವು. ಕಡೆಗೂ ಶತ್ರುವು ಕಂಕುಳಲ್ಲಿ ಸೆರೆಯಾದನು. ವೀರನಿಗೆ ಕುಣಿಯಬೇಕೆನಿಸಿತು, ಆದರೆ ಅವನು ಏಣಿಯ ಮೇಲಿದ್ದನು.

ಅಷ್ಟರಲ್ಲಿ ಕಾರಿನಿಂದಿಳಿದ ಮರುಳಸಿದ್ದಪ್ಪನು ತಲೆಯೆತ್ತಿದನು. ಅಡ್ಡಿಯಿಲ್ಲದ ಅವನ ನೋಟ ನೇರವಾಗಿ ಬಾಲ್ಕನಿಯ ಮೇಲೆ ಬಿದ್ದು, ಅಲ್ಲೇ ನಿಂತಿತು.

“ಭೇಷ್ ಷಡಕ್ಷರಿ! ಬಹಳ ಚೆನ್ನಾಗಿದೆ ಕಣಯ್ಯ!”

ವೀರನ ಕಣ್ಣಲ್ಲಿ ನೀರಾಡಿತು. ಇಡೀ ಜನ್ಮ ಸಾರ್ಥಕವಾಯಿತೆಂದುಕೊಂಡನು.

“ಈ ಥರ ಯಾರೂ ಮಾಡ್ಸಿಲ್ಲ ಬಿಡು. ಬಣ್ಣ ಎಷ್ಟು ಸರಿಯಾಗಿ ಬಂದಿದೆ! ಅಲ್ಲಯ್ಯ, ಇಷ್ಟು ದೊಡ್ಡ ಎಲೆಕೋಸು ಯಾಕೆ ಮಾಡ್ಸಿದೆ?”

ಸರ್ವಮಂಗಳೆ ಹಗ್ಗದ ಹೊಸ ತುಂಡೊಂದನ್ನು ತಂದು ಮೇಲಕ್ಕೆಸೆದಳು. ವೀರನು ಬೊಂಬೆಯನ್ನು ಮತ್ತೆ ಕಟ್ಟಿದನು, ಈ ಸಲ ಬಾಲ್ಕನಿಯ ನಟ್ಟನಡುವೆ.