ಐದು ಲೀಟರಿಗೆ ನಾಲ್ಕೂವರೆ ಕೆಜಿ

ಅನುಮಾನ ಪಡುವುದಕ್ಕೆ ಓದು ಬೇಕಿಲ್ಲ. ಹೈಸ್ಕೂಲಿನವರೆಗೆ ಓದಿದ್ದರೆ ಅನುಮಾನಕ್ಕೊಂದು ಗತ್ತು ಬರುತ್ತದೆ, ಅಷ್ಟೆ. ಈ ವಯಸ್ಸಿನಲ್ಲೂ ನನಗೆ ಆ ಗತ್ತಿತ್ತು. ಹೋದ ತಿಂಗಳು ಅದು ಹೋಯಿತು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಗೆಳೆಯ ನಾಗರಾಜು, ನಮ್ಮ ಚಳ್ಳಕೆರೆಯ ಶೇಂಗಾ ಎಣ್ಣೆ ಐದು ಕೆಜಿ ಬೇಕು ಎಂದ. ನಮ್ಮ ಬೀದಿಯ ಗಾಣದ ರುದ್ರಣ್ಣನ ಹತ್ತಿರ ಐದು ಲೀಟರಿನ ಕ್ಯಾನು ತುಂಬಿಸಿ ಬಸ್ಸಿಗೆ ಹಾಕಿದೆ. ರುದ್ರಣ್ಣ ಎಣ್ಣೆಯನ್ನು ಅಳೆದು ಕೊಡುತ್ತಾನೆ. ನಾಗರಾಜುವಿನ ಮನೆಯಲ್ಲಿ ಎಲ್ಲವನ್ನೂ ತೂಗುತ್ತಾರೆ. ರೇಷ್ಮೆ ನೂಲನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತೂಗಿ, ತಕ್ಕಡಿ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಸಂಜೆ ಫೋನ್ ಬಂತು.

"ಅಣ್ಣಾ, ಕ್ಯಾನಿನ ತೂಕ ಕಳೆದ್ರೆ ನಾಲ್ಕೂವರೆ ಚಿಲ್ಲರೆ ಐತೆ. ಪರವಾಗಿಲ್ಲ ಬಿಡ್ರಿ."

ಆ 'ಪರವಾಗಿಲ್ಲ' ರಾತ್ರಿಯೆಲ್ಲ ನನ್ನನ್ನು ಕುಟುಕಿತು. ಬೆಳಿಗ್ಗೆ ಟೀ ಅಂಗಡಿಯಲ್ಲಿ, ರುದ್ರಣ್ಣ ಐದು ಕೆಜಿಯಲ್ಲಿ ಅರ್ಧ ಕೆಜಿ ನುಂಗುತ್ತಾನೆ ಎಂದುಬಿಟ್ಟೆ. ಚಡ್ಡಿ ಹಾಕುವ ಕಾಲದ ಗೆಳೆಯ ಅವನು. ಒಂದು ವಾರದೊಳಗೆ ಅವನ ಗಾಣಕ್ಕೆ ಗಿರಾಕಿಗಳು ಕಡಿಮೆಯಾದರು. ಅವನು ನನ್ನನ್ನು ಕಂಡರೆ ಆಚೆ ಬದಿಗೆ ದಾಟತೊಡಗಿದ.

ಸಾಕ್ಷಿ ಇರಲಿ ಎಂದು ಅಂಥದೇ ಇನ್ನೊಂದು ಕ್ಯಾನಿಗೆ ನೀರು ತುಂಬಿ ತೂಗಿದೆ. ಕ್ಯಾನೇ ಚಿಕ್ಕದು ಎಂದು ತೋರಿಸುವ ಆಸೆ ನನ್ನದು. ಕ್ಯಾನಿನ ತೂಕ ಕಳೆದರೆ ಸರಿಯಾಗಿ ಐದು ಕೆಜಿ ಬಂತು. ತಲೆ ಕೆಟ್ಟಿತು. ನೀರು ಚೆಲ್ಲಿ, ಒರೆಸಿ, ಮಂಡಕ್ಕಿ ತುಂಬಿದೆ. ತಕ್ಕಡಿಗೆ ಅದು ಬಂದು ಕೂತದ್ದೇ ಗೊತ್ತಾದಂತಿರಲಿಲ್ಲ. ಆಮೇಲೆ ರಾಗಿ, ಆಮೇಲೆ ಮರಳು. ಮರಳು ತುಂಬಿದ ಕ್ಯಾನನ್ನು ಎತ್ತುವಾಗ ಸೊಂಟ ಹಿಡಿಯಿತು.

"ಈ ವಯಸ್ಸಿನಾಗೆ ಅಂಗಡಿ ಆಟನೇನ್ರಿ? ಮಂಡಕ್ಕಿ ಒದ್ದೆ ಆಗೈತೆ ನೋಡ್ರಿ," ಎಂದಳು ಹೆಂಡತಿ.

ನನಗೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಕ್ಯಾನು ಅದೇ, ಒಳಗಿನ ಜಾಗವೂ ಅದೇ, ಅದು ಗಾತ್ರ. ಅದರಲ್ಲಿ ಸರಕು ಎಷ್ಟಿದೆ ಎಂದು ತಕ್ಕಡಿ ಹೇಳುವುದು ದ್ರವ್ಯರಾಶಿ. ಆ ಸರಕು ಎಷ್ಟು ಒತ್ತಾಗಿ ಕೂತಿದೆ ಎಂಬುದು ಸಾಂದ್ರತೆ. ಶಾಲೆಯಲ್ಲಿ ಮೂರನ್ನೂ ಬಾಯಿಪಾಠ ಮಾಡಿದ್ದೆ, ಒಂದೂ ಒಳಗೆ ಇಳಿದಿರಲಿಲ್ಲ. ದೇವರ ಮುಂದಿನ ಗಾಜಿನ ದೀಪದಲ್ಲಿ ಕೆಳಗೆ ನೀರು, ಮೇಲೆ ಎಣ್ಣೆ. ಅದಕ್ಕೆ ದಿನಾ ಕೈ ಮುಗಿದಿದ್ದೇನೆಯೇ ಹೊರತು, ಎಣ್ಣೆ ಯಾಕೆ ಮೇಲೆ ನಿಂತಿದೆ ಎಂದು ಕೇಳಿರಲಿಲ್ಲ. ಅಷ್ಟೇ ಗಾತ್ರದ ನೀರಿಗಿಂತ ಎಣ್ಣೆ ಹಗುರ, ಹಾಗಾಗಿ ಐದು ಲೀಟರ್ ಎಣ್ಣೆ ನಾಲ್ಕೂವರೆ ಚಿಲ್ಲರೆ ಕೆಜಿಯೇ ತೂಗಬೇಕು. ರುದ್ರಣ್ಣ ಒಂದು ಹನಿಯನ್ನೂ ನುಂಗಿರಲಿಲ್ಲ.

ಸೊಂಟ ಹಿಡಿದುಕೊಂಡೇ ಗಾಣಕ್ಕೆ ಹೋಗಿ, ತಪ್ಪಾಯ್ತು ಎಂದೆ. ಅವನು ಹಿಂಡಿ ತುಂಬುತ್ತಿದ್ದ ಕೈ ನಿಲ್ಲಿಸಲಿಲ್ಲ.

"ನಂಗ್ಯಾಕೆ ಹೇಳ್ತೀಯಲೇ? ಎಲ್ಲಿ ಅಂದಿದ್ದೆಯೋ ಅಲ್ಲಿ ಹೋಗಿ ಹೇಳು."

ಟೀ ಅಂಗಡಿಯಲ್ಲಿ ಎದ್ದು ನಿಂತು ನೀರು, ಎಣ್ಣೆ, ಮಂಡಕ್ಕಿ ಎಲ್ಲವನ್ನೂ ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಕೊನೆಗೆ ಒಬ್ಬ, "ಅದೆಲ್ಲ ಇರ್ಲಿ ಯಜಮಾನ್ರೇ, ಹಿಂಗೆ ಹೇಳಾಕೆ ರುದ್ರಣ್ಣ ನಿಮಗೆ ಎಷ್ಟು ಎಣ್ಣೆ ಕೊಟ್ಟ?" ಎಂದ.

"ಏನೂ ಕೊಟ್ಟಿಲ್ಲಪ್ಪ."

"ಕೆಜಿ ಲೆಕ್ಕದಾಗೋ, ಲೀಟರ್ ಲೆಕ್ಕದಾಗೋ?" ಎಂದ ಇನ್ನೊಬ್ಬ.

ಪಾಠ ಇಷ್ಟು ಬೇಗ ತಲೆಗೆ ಹತ್ತುತ್ತದೆ ಎಂದುಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರುದ್ರಣ್ಣ ಅಷ್ಟು ದಿನಗಳ ಮೇಲೆ ಮೊದಲ ಸಲ ನಕ್ಕ. ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತು, ನನ್ನ ಟೀ ದುಡ್ಡನ್ನೂ ತಾನೇ ಕೊಟ್ಟ. ಅಂಗಡಿಯಲ್ಲಿದ್ದವರೆಲ್ಲ ಅದನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.